ತಿರುಗಿಸಿ ಹಾಕಿದ ಬ್ರೇಕ್ ಪ್ಯಾಡ್

ಪ್ರೆಸ್ಸಿನಲ್ಲಿ ಕರಡು ತಿದ್ದುವ ಕೆಲಸ ಅವನದು. ಇಪ್ಪತ್ತಾರು ವರ್ಷ ಕಂಡವರ ತಪ್ಪಿಗೆಲ್ಲ ಕೆಂಪು ಗೀಟು ಎಳೆದೂ ಎಳೆದೂ, ತನ್ನ ಕೈಯಲ್ಲೂ ತಪ್ಪಾಗುತ್ತದೆ ಅನ್ನುವುದೇ ಪುಣ್ಯಾತ್ಮನಿಗೆ ಮರೆತುಹೋಗಿತ್ತು. ಉಪ್ಪು ಕಮ್ಮಿ ಅಂತ ಹೆಂಡತಿಗೆ ಹೇಳುವಾಗಲೂ ಬೆರಳು ತಾನಾಗಿ ಗೀಟೆಳೆಯುತ್ತಿತ್ತು.

ಕಾರು ರಿಪೇರಿಯ ಹುಚ್ಚು ಹತ್ತಿದ್ದು ಐವತ್ತು ದಾಟಿದ ಮೇಲೆ. ವೈಪರ್ ರಬ್ಬರ್ ಬದಲಿಸಿದ, ಏರ್ ಫಿಲ್ಟರ್ ಕೊಡವಿದ, ಬ್ಯಾಟರಿ ತುದಿಗೆ ಕಟ್ಟಿದ್ದ ಬಿಳಿ ಪುಡಿಯನ್ನು ಬಿಸಿನೀರು ಹಾಕಿ ಹಳೇ ಹಲ್ಲಿನ ಬ್ರಷ್ಷಿನಲ್ಲಿ ಉಜ್ಜಿದ. ಎಲ್ಲ ಸಲೀಸಾಗಿ ಆಯ್ತು, ತಲೆ ಮೇಲೆ ಕೊಂಬು ಬಂತು. ಕೈಯಲ್ಲಿನ ಸ್ಪ್ಯಾನರ್ ನೋಡಿ ಬೀದಿಯವರು 'ಪಾನಾ ಪಂಡಿತ' ಅಂತ ಆಡಿಕೊಂಡರೆ ಅದನ್ನೂ ಹೊಗಳಿಕೆ ಅಂದುಕೊಂಡ. ನಗದೆ ಇದ್ದವಳು ಅಕ್ಕ ಒಬ್ಬಳೇ. ಆಸ್ಪತ್ರೆಯಲ್ಲಿ ನರ್ಸು, ಅಮ್ಮ ಹೋದ ಮೇಲೆ ಇವನನ್ನು ಸಾಕಿದವಳು. ನನ್ನ ತಮ್ಮ ಕೈ ಹಾಕಿದರೆ ಮುಗೀತು ಅನ್ನುತ್ತಿದ್ದಳು. ಅವನನ್ನು ಪೂರ್ತಿ ನಂಬಿದ ಜೀವ ಅದೊಂದೇ, ಅದು ಅವನಿಗೂ ಗೊತ್ತಿತ್ತು.

ಆ ಅಕ್ಕನ ಕಾರಿನ ಬ್ರೇಕ್ ಪ್ಯಾಡುಗಳು ಸವೆದವು. ಗ್ಯಾರೇಜಿಗೆ ಬಿಡ್ತೀನಿ ಅಂದಳು. ಇವನು ಬಿಡಬೇಕಲ್ಲ! ಬಿಡಿಭಾಗದ ಅಂಗಡಿಯಿಂದ ಹೊಸ ಪ್ಯಾಡು ತಂದು, ಭಾನುವಾರ ಮನೆಮುಂದೆ ಕಾರಿಗೆ ಜಾಕ್ ಕೊಟ್ಟು, ಚಾಪೆ ಹಾಸಿಕೊಂಡು ಕೂತ. ಮುಂದಿನ ಒಂದೊಂದು ಚಕ್ರಕ್ಕೂ ಎರಡೆರಡು ಪ್ಯಾಡು. ತಿರುಗುವ ಡಿಸ್ಕನ್ನು ಎರಡೂ ಕಡೆಯಿಂದ ಅದುಮಿ ನಿಲ್ಲಿಸುವಂಥವು. ಪ್ಯಾಡಿನ ಮುಖಕ್ಕೆ ಒರಟು ಲೈನಿಂಗು, ಬೆನ್ನು ಬರೀ ಕಬ್ಬಿಣ. ಮೂರನ್ನು ಸರಿಯಾಗೇ ಕೂರಿಸಿದ. ನಾಲ್ಕನೆಯದರ ಹೊತ್ತಿಗೆ ಎದುರುಮನೆಯವರು ಬಂದು ನಿಂತರು. ಅವರಿಗೆ ಬ್ರೇಕಿನ ಪಾಠ ಹೇಳುವ ಭರದಲ್ಲಿ ಎಡಚಕ್ರದ ಒಳಗಿನ ಪ್ಯಾಡನ್ನು ನೋಡದೇ ತಳ್ಳಿದ. ಕಬ್ಬಿಣದ ಬೆನ್ನು ಹೋಗಿ ಡಿಸ್ಕಿಗೆ ತಾಗಿ ಕೂತಿತು.

ಮರುದಿನದಿಂದಲೇ ಬ್ರೇಕ್ ಒತ್ತಿದರೆ ಕಿರ್ರ್ ಅಂತ ಹಲ್ಲು ಜುಮ್ಮೆನ್ನುವ ಸದ್ದು. ಹೊಸದು, ಪಳಗಬೇಕು ಅಂದ ತಮ್ಮ. ಅಕ್ಕ ಒಪ್ಪಿಕೊಂಡಳು. ಆಸ್ಪತ್ರೆ ಗೇಟಿನ ಕಾವಲುಗಾರ ಯಾರಿಗಾದರೂ ತೋರಿಸಿ ಅಂದಿದ್ದಕ್ಕೆ, ನನ್ನ ತಮ್ಮನಿಗಿಂತ ನಿನಗೆ ಗೊತ್ತಾ ಅಂತ ಅವನ ಬಾಯಿ ಮುಚ್ಚಿಸಿಯೂ ಬಂದಳು.

ಎರಡನೇ ವಾರದ ಮಂಗಳವಾರ ಪ್ರೆಸ್ಸಿನಲ್ಲಿ ಊಟದ ಡಬ್ಬಿ ಬಿಚ್ಚಿಕೊಂಡು, ತಾನು ನೋಡಿ ಕಲಿತಿದ್ದ ವಿಡಿಯೋವನ್ನು ಮತ್ತೆ ಹಾಕಿದ. ಅದರಲ್ಲಿ ಮೆಕ್ಯಾನಿಕ್ ಒಂದೊಂದು ಪ್ಯಾಡನ್ನೂ ಕೂರಿಸುವ ಮುಂಚೆ ತಿರುಗಿಸಿ ಮುಖ ನೋಡುತ್ತಾನೆ. ನಾಲ್ಕನೆಯದನ್ನು ತಾನು ನೋಡದೇ ತಳ್ಳಿದ್ದು ಇವನಿಗೆ ಆಗ ನೆನಪಾಯಿತು. ತಕ್ಷಣ ಅಕ್ಕನಿಗೆ ಫೋನ್ ಮಾಡಿದ. ಮಾಡಿ, ಊಟ ಆಯ್ತಾ ಅಂತ ಕೇಳಿ ಇಟ್ಟುಬಿಟ್ಟ. ನಾಚಿಕೆಗೇಡು ಅಂದರೆ ಇದಪ್ಪ! ಭಾನುವಾರ ಸದ್ದಿಲ್ಲದೆ ತಿರುಗಿಸಿ ಹಾಕಿದರಾಯ್ತು, ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಬಾರದು ಅನ್ನುವ ಯೋಚನೆ. ಅಕ್ಕ ಮತ್ತೆ ನಾಲ್ಕು ದಿನ ಅದೇ ಕಾರಿನಲ್ಲಿ ಓಡಾಡಿದಳು.

ಶನಿವಾರ ಸಿಗ್ನಲ್ಲಿನಲ್ಲಿ ಕಾರು ಬಲಕ್ಕೆ ಎಳೆದು, ಸೈಕಲ್ಲಿನವನೊಬ್ಬನಿಗೆ ಇನ್ನೇನು ತಾಗಬೇಕು ಅನ್ನುವಷ್ಟರಲ್ಲಿ ನಿಂತಿತಂತೆ. ಅಕ್ಕ ಸೀದಾ ಇವನ ಮನೆಗೇ ಬಂದಳು. ಚಕ್ರ ಬಿಚ್ಚಿದರೆ ಡಿಸ್ಕಿನ ತುಂಬ ಆಳವಾದ ಗೀರುಗಳು. ಅಕ್ಕ ತಲೆಯ ಮೇಲೇ ನಿಂತಿದ್ದಳು. ಪೀಸೇ ಸರಿಯಿಲ್ಲ, ಅಂಗಡಿಯವನು ಟೋಪಿ ಹಾಕಿದ್ದಾನೆ ಅಂತ ಅವನ ಬಾಯಿಂದ ಬಂದುಬಿಟ್ಟಿತು. ಅಕ್ಕನಿಗೆ ಎಲ್ಲಿತ್ತೋ ಸಿಟ್ಟು. ಪ್ಯಾಡನ್ನು ಪೇಪರಿನಲ್ಲಿ ಸುತ್ತಿಕೊಂಡು, ಪಕ್ಕದ ಬೀದಿಯ ಬಿಡಿಭಾಗದ ಅಂಗಡಿಗೆ ನಡೆದೇಬಿಟ್ಟಳು. ಇವನು ಗ್ರೀಸಿನ ಕೈಯಲ್ಲೇ ಹಿಂದೆ ಓಡಿದ.

ಅಂಗಡಿಯ ಹಿರಿಯರು ಅವಳು ಕೂಗಾಡುವುದನ್ನೆಲ್ಲ ಕೇಳಿಸಿಕೊಂಡು ಪ್ಯಾಡನ್ನು ಹೊರಳಿಸಿ ನೋಡಿದರು. ಲೈನಿಂಗು ಹೊಸದರ ಹಾಗೇ ಇತ್ತು, ಸವೆದು ಹೊಳೆಯುತ್ತಿದ್ದುದು ಬೆನ್ನು. ಕನ್ನಡಕದ ಮೇಲಿಂದ ಒಂದು ಸಲ ಇವನನ್ನು ನೋಡಿದರು. ಕುಂಬಳಕಾಯಿ ಕಳ್ಳನ ಹಾಗೆ ಇವನು ಆಗಲೇ ತಲೆ ತಗ್ಗಿಸಿದ್ದ.

"ಇರಲಿ ಬಿಡಮ್ಮ," ಅಂದರು ಅವರು. "ಒಂದೊಂದು ಸಲ ಮಾಲು ಹಾಗೇ ಬಂದುಬಿಡುತ್ತೆ. ಬೇರೆ ಕೊಡ್ತೀನಿ."

ನೋಡಿದ್ಯಾ ಅನ್ನುವ ಹಾಗೆ ಅಕ್ಕ ತಮ್ಮನ ಕಡೆ ತಿರುಗಿದಳು. ಅವಳ ಮುಖದಲ್ಲಿದ್ದ ಹೆಮ್ಮೆ ಅವನಿಂದ ನೋಡಲಾಗಲಿಲ್ಲ. ಗುರುತಿಲ್ಲದ ಮನುಷ್ಯ ಇವನ ಮಾನ ಉಳಿಸೋಕೆ ತನ್ನ ಅಂಗಡಿಯ ಹೆಸರನ್ನೇ ಕೊಟ್ಟುಬಿಟ್ಟನಲ್ಲ!

"ಮಾಲು ಚೆನ್ನಾಗಿದೆ ಅಕ್ಕ. ನಾನೇ ತಿರುಗಿಸಿ ಹಾಕಿದ್ದೆ."

ಅಕ್ಕ ಮೊದಲು ಹಿರಿಯರ ಹತ್ತಿರ ತಪ್ಪಾಯ್ತು ಅಂದಳು. ಎಷ್ಟು ಸುಲಭವಾಗಿ ಅಂದುಬಿಟ್ಟಳು. ಆಮೇಲೆ ಇವನ ಕಡೆ ತಿರುಗಿ ಮೆಲ್ಲಗೆ ಕೇಳಿದಳು: "ನಿಂಗೆ ಯಾವಾಗ ಗೊತ್ತಾಯ್ತು?"

ಈಗಷ್ಟೇ ಅನ್ನಬಹುದಿತ್ತು. ಅಂದಿದ್ದರೆ ನಂಬುತ್ತಿದ್ದಳು ಕೂಡ.

"ಮಂಗಳವಾರ."

"ಗುರುವಾರ ಮೊಮ್ಮಗಳನ್ನ ಕೂರಿಸ್ಕೊಂಡು ಹೋಗಿದ್ದೆ ಕಣೋ," ಅಂದಳು.

ಕಾರಿನ ಕೀಯನ್ನು ಗಲ್ಲಾದ ಮೇಲಿಟ್ಟು, ಇಲ್ಲಿ ಹತ್ತಿರದಲ್ಲಿ ನಂಬಿಕಸ್ತ ಮೆಕ್ಯಾನಿಕ್ ಯಾರಾದರೂ ಇದ್ದಾರಾ ಅಂತ ಅಂಗಡಿಯವರನ್ನು ವಿಚಾರಿಸಿದಳು.