ಎರ್ಮಿನಿಯೊ ಗಲಾಸ್ಸಿಯ ದನಿ

ಎರ್ಮಿನಿಯೊ ಗಲಾಸ್ಸಿಯ ಕಥೆ ಹೇಳಹೊರಟರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ.

ಅವನ ತಾಯಿ ಊರೂರು ತಿರುಗುವ ನಾಟಕ ಕಂಪನಿಯಲ್ಲಿ ಬಟ್ಟೆ ಹೊಲಿಯುತ್ತಿದ್ದಳು. ಫೆರಾರಾದಲ್ಲಿ ಕಂಪನಿ ಬೀಡುಬಿಟ್ಟಿದ್ದಾಗ ಇವನನ್ನು ಹೆತ್ತಳು. ಹದಿನಾರಕ್ಕೆ ರಂಗ ಹತ್ತಿದವನು ಮೂವತ್ತು ತುಂಬುವ ಮೊದಲೇ ರಾಜಪಾತ್ರಕ್ಕೆ ಬಂದಿದ್ದ. ಯುದ್ಧ ಬಂತು, ಬಾಂಬಿಗೆ ಥಿಯೇಟರುಗಳ ಮಾಡು ಹಾರಿತು, ಕಂಪನಿ ಮುಚ್ಚಿತು. ಹೊಟ್ಟೆಪಾಡಿಗೆ ರೋಮಿಗೆ ಬಂದು ನಮ್ಮ ಡಬ್ಬಿಂಗ್ ಸ್ಟುಡಿಯೋ ಸೇರಿದ. ಪರದೆಯ ಮೇಲಿನ ತುಟಿಗೂ ಮೈಕಿನ ಮುಂದಿನ ಮಾತಿಗೂ ತಾಳೆಯಾಗುತ್ತಿದೆಯೇ ಎಂದು ನೋಡುವುದು ಅಲ್ಲಿ ನನ್ನ ಕೆಲಸ. ಎರ್ಮಿನಿಯೊ ಮೈಕಿನ ಮುಂದೆ ನಿಂತರೆ ನಾನು ಸುಮ್ಮನೆ ಕೂತು ಕೇಳುತ್ತಿದ್ದೆ.

ಹದಿನಾಲ್ಕು ವರ್ಷ ಅವನು ಒಬ್ಬನೇ ಒಬ್ಬ ಅಮೆರಿಕನ್ ನಟನಿಗೆ ದನಿ ಕೊಟ್ಟ. ಆ ನಟ ಕುದುರೆ ಏರಿದರೂ, ಮುತ್ತಿಟ್ಟರೂ, ಗುಂಡು ತಿಂದು ಸತ್ತರೂ ಇಟಲಿಯವರಿಗೆ ಕೇಳಿಸುತ್ತಿದ್ದುದು ನಮ್ಮವನ ದನಿ. ಹುಡುಗಿಯರು ಪ್ರೇಮಪತ್ರ ಬರೆಯುತ್ತಿದ್ದುದು ಮಾತ್ರ ಅಮೆರಿಕಕ್ಕೆ. ನಾಯಕಿಯ ಜಡೆ ಹೆಣೆದವಳ ಹೆಸರೂ ಪರದೆಯ ಮೇಲೆ ಬರುತ್ತಿತ್ತು. ಇವನದು ಒಮ್ಮೆಯೂ ಬರಲಿಲ್ಲ.

೧೯೫೯ರಲ್ಲಿ ಸಿನಿಮಾ ನಿರ್ದೇಶಕನೊಬ್ಬ ಅವನ ಹಳೆಯ ನಾಟಕಗಳನ್ನು ನೆನಪಿಟ್ಟುಕೊಂಡು ಕರೆದ. ಕರಾರಾ ಎಂಬ ಊರಿನ ಅಮೃತಶಿಲೆಯ ಗಣಿಯಲ್ಲಿ ಮಗನನ್ನು ಕಳೆದುಕೊಂಡ ಕೂಲಿಯ ಪಾತ್ರ. ಎರ್ಮಿನಿಯೊ ಹನ್ನೊಂದು ವಾರ ಗಣಿಯವರ ಜೊತೆಗೇ ಇದ್ದು, ಅವರ ಹಂದಿಕೊಬ್ಬು-ಬ್ರೆಡ್ಡೇ ತಿಂದು, ಅಂಗೈ ಸೀಳಿಸಿಕೊಂಡು ಬಂದ.

"ಎಲಿದೆ, ಈ ಸಲ ಮುಖಾನೂ ನಂದೇ, ಮಾತೂ ನಂದೇ ಕಣಮ್ಮ," ಎಂದು ನನ್ನ ಹೆಸರು ಹಿಡಿದು ಹೇಳಿದ.

ಆಗ ನಮ್ಮಲ್ಲಿ ಚಿತ್ರೀಕರಣದ ಜಾಗದಲ್ಲಿ ದನಿ ಹಿಡಿಯುತ್ತಿರಲಿಲ್ಲ. ಮಾತನ್ನೆಲ್ಲ ಆಮೇಲೆ ಸ್ಟುಡಿಯೋದಲ್ಲಿ ಸೇರಿಸುವುದು. ಚಿತ್ರೀಕರಣ ಮುಗಿದ ಮೇಲೊಂದು ಮಂಗಳವಾರ ಬೆಳಿಗ್ಗೆ ಎರ್ಮಿನಿಯೊ ಕ್ಷೌರ ಮಾಡಿಸಿಕೊಂಡು ಬಂದು ಸ್ಟುಡಿಯೋದ ಬಾಗಿಲು ತೆರೆದ. ಪರದೆಯ ಮೇಲೆ ಅವನ ಮುಖವಿತ್ತು. ಮೈಕಿನ ಮುಂದೆ ನಿಂತಿದ್ದವನು ಲಿವಿಯೊ, ನಾಟಕ ಕಂಪನಿಯಿಂದಲೂ ಅವನ ಜೀವದ ಗೆಳೆಯ.

ನಿರ್ಮಾಪಕ ಗ್ರೆಪ್ಪಿ ಕುರ್ಚಿಯಿಂದ ಏಳಲೂ ಇಲ್ಲ.

"ನೋಡಪ್ಪ ಗಲಾಸ್ಸಿ, ನೀನು ಬಾಯ್ಬಿಟ್ರೆ ಜನಕ್ಕೆ ಆ ಅಮೆರಿಕದೋನು ನೆನಪಾಗ್ತಾನೆ. ಗಣಿ ಕೂಲಿ ಬಾಯಲ್ಲಿ ಅವನ ದನಿ ಬಂದ್ರೆ ನಗ್ತಾರೆ. ಕದ್ದ ಮಾಲು ಅನ್ಸುತ್ತೆ."

"ಕದ್ದ ಮಾಲಾ? ನನ್ನ ಗಂಟಲು ನಂಗೇ ಕದ್ದ ಮಾಲಾ ಸ್ವಾಮಿ?"

"ಕೂಗ್ಬೇಡ. ಒಪ್ಪಂದದಲ್ಲಿ ನಿನ್ನ ಮುಖ ಅಂತ ಇದೆ. ದನಿ ಅಂತ ಎಲ್ಲೂ ಇಲ್ಲ."

ಲಿವಿಯೊ ಹಾಳೆ ಕೆಳಗಿಟ್ಟ. "ನಾನಲ್ದಿದ್ರೆ ಇನ್ಯಾರೋ ಮಾಡ್ತಿದ್ರು ಕಣೋ. ಮನೇಲಿ ಮೂರು ಮಕ್ಕಳಿವೆ."

"ಇನ್ಯಾರೋ ಆಗಿದ್ರೆ ಮುಖಕ್ಕೆ ಉಗ್ದು ಹೋಗ್ತಿದ್ದೆ. ನಿಂಗೆ ಉಗಿಯೋಕೂ ಆಗ್ತಿಲ್ವಲ್ಲೋ, ಪಾಪಿ!"

ಅವನು ಹೋದ. ನಾನು ಎದ್ದು ಹೋದೆನೇ? ಇಲ್ಲ. ಎಂಟು ದಿನ ಅಲ್ಲೇ ಕೂತು, ಎರ್ಮಿನಿಯೊನ ತುಟಿಗೆ ಲಿವಿಯೊನ ಮಾತನ್ನು ಅಕ್ಷರ ಅಕ್ಷರ ಹೊಂದಿಸಿದೆ. ಗ್ರೆಪ್ಪಿಯ ಮೇಲಿನ ಸಿಟ್ಟಿನಲ್ಲಿ ಅರ್ಧ ನನ್ನ ಮೇಲಿನದೇ.

ಚಿತ್ರ ಬಿಡುಗಡೆಯಾದ ಮೊದಲ ಭಾನುವಾರ ಎರ್ಮಿನಿಯೊ ನನ್ನನ್ನು ತೆಸ್ತಾಚ್ಚೊ ಬಡಾವಣೆಯ ಚಿತ್ರಮಂದಿರಕ್ಕೆ ಮಧ್ಯಾಹ್ನದ ಆಟಕ್ಕೆ ಕರೆದೊಯ್ದ. ಯಾಕೆಂದು ಹೇಳಲಿಲ್ಲ. ಕಸಾಯಿಖಾನೆಯ ಕೆಲಸಗಾರರು, ಅವರ ಹೆಂಡಿರು ಮಕ್ಕಳಿಂದ ಮಂದಿರ ತುಂಬಿತ್ತು. ಗಣಿಯ ಧಣಿಗಳ ಮುಂದೆ ಕೂಲಿ ಮಾತಾಡುವ ದೃಶ್ಯ ಬಂದದ್ದೇ ತಡ, ಎರ್ಮಿನಿಯೊ ಎದ್ದು ಪರದೆಯ ಬಳಿಗೆ ನಡೆದು, ನಮ್ಮತ್ತ ತಿರುಗಿ, ತನ್ನ ಮಾತನ್ನು ತಾನೇ ಆಡತೊಡಗಿದ.

"ಲೇ, ಕೂತ್ಕೊಳೋ! ಮನೇಲಿ ಹೆಂಡ್ತಿ ಬಾಯ್ಬಿಡೋಕೆ ಬಿಡಲ್ವಾ?" ಎಂದು ಹಿಂದಿನ ಸಾಲಿನವನೊಬ್ಬ ಕೂಗಿದ. ಎಲ್ಲರೂ ನಕ್ಕರು.

ಅವನು ನಿಲ್ಲಿಸಲಿಲ್ಲ. ಪರದೆಯತ್ತ ನೋಡದೆಯೇ ಪ್ರತಿ ಮಾತನ್ನೂ ಆ ತುಟಿಗೆ ಸರಿಯಾಗಿ ಕೂರಿಸುತ್ತಿದ್ದ. ಮುಂದಿನ ಸಾಲಿನ ಮುದುಕಿಯೊಬ್ಬಳು, "ಅಯ್ಯೋ, ಇವ್ನೇ ಕಣ್ರೇ ಅವ್ನು! ಮುಖ ನೋಡ್ರೇ!" ಎಂದು ಅರಚಿದಳು. ನಗು ಅಲ್ಲಿಗೇ ನಿಂತಿತು. ಲಿವಿಯೊನ ದನಿ ಎಲ್ಲೋ ಹಿಂದೆ ಗೊಣಗುತ್ತಿತ್ತು. ಮಗನ ಮೇಲೆ ಬಿದ್ದ ಬಂಡೆ ಯಾವ ಅರಮನೆಯ ಮೆಟ್ಟಿಲಾಯಿತು ಎಂದು ಆ ಅಪ್ಪ ಕೇಳುವಾಗ ಅಮೆರಿಕದವನು ಒಬ್ಬರಿಗೂ ನೆನಪಾಗಲಿಲ್ಲ.

ದೀಪ ಹತ್ತಿತು, ಪೊಲೀಸರು ಬಂದರು. "ಬಿಡ್ರೋ ಅವ್ನನ್ನ! ಮಾತು ಮುಗಿಸ್ಲಿ!" ಎಂದು ಜನ ಕುರ್ಚಿ ಬಡಿದರು. ಗೇಲಿ ಮಾಡಿದವನೇ ಎಲ್ಲರಿಗಿಂತ ಜೋರಾಗಿ ಕೂಗುತ್ತಿದ್ದ. ಪೊಲೀಸರು ಎಳೆದೊಯ್ದು ಸಂಜೆಗೆ ಬಿಟ್ಟರು.

ಆಮೇಲೆ ಯಾವ ಸ್ಟುಡಿಯೋವೂ ಅವನನ್ನು ಒಳಗೆ ಸೇರಿಸಲಿಲ್ಲ. ಅಮೆರಿಕನ್ ನಟನಿಗೆ ಬೇರೆ ದನಿ ಬಂತು. ನಮ್ಮ ನಾಯಕನಿಗೆ ನೆಗಡಿಯೇ ಎಂದು ಜನ ಪತ್ರಿಕೆಗಳಿಗೆ ಬರೆದರು. ಎರ್ಮಿನಿಯೊ ಒಂಬತ್ತು ಜನರ ಕಂಪನಿ ಕಟ್ಟಿಕೊಂಡು ಮೊದೆನಾ, ಪಾರ್ಮಾಗಳ ಸಣ್ಣ ರಂಗಗಳಿಗೆ ಮರಳಿದ. ಒಮ್ಮೆ ಲಿವಿಯೊ ಟೋಪಿ ಕೈಯಲ್ಲಿ ಹಿಡಿದು ಬಣ್ಣದ ಕೋಣೆಗೆ ಬಂದ. ಎರ್ಮಿನಿಯೊ ಅವನಿಗೆ ವೈನ್ ಕೊಟ್ಟ, ಒಂದು ಮಾತೂ ಆಡಲಿಲ್ಲ. ಲಿವಿಯೊ ಅತ್ತು ಎದ್ದು ಹೋದ. ಅದು ಕ್ಷಮೆಯೋ ಶಿಕ್ಷೆಯೋ ನನಗೆ ತಿಳಿಯದು.

೧೯೭೧ರ ತನಕ ನಾಟಕ ಆಡಿ ಅವನು ತೀರಿಕೊಂಡ. ಮರುದಿನದ ಪತ್ರಿಕೆಯಲ್ಲಿ ಸುದ್ದಿಯೇನೋ ಬಂತು, ಅಮೆರಿಕನ್ ನಟನ ಫೋಟೊದೊಂದಿಗೆ! ನಾನು ಫೋನ್ ಮಾಡಿದೆ.

"ಓದೋರಿಗೆ ಗುರುತು ಸಿಗ್ಬೇಕಲ್ಲಮ್ಮ," ಎಂದ ಸಂಪಾದಕ.

ನಾನು ಬೈದದ್ದನ್ನು ಇಲ್ಲಿ ಬರೆಯಲಾರೆ. ಎರ್ಮಿನಿಯೊನದೇ ಫೋಟೊ ಹಿಡಿದು ಟ್ರಾಮ್ ಹತ್ತಿದೆ. ಅದು ಅಚ್ಚಿಗೆ ಹೋಗುವವರೆಗೆ ಆ ಸಂಪಾದಕನ ಮೇಜಿನ ಮುಂದಿನಿಂದ ಏಳಲಿಲ್ಲ.