ಕೆಂಪಂಚು

ನಾನು ಟೈಪ್ ಮಾಡುವಾಗ ಎಡಗೈಯ ಎರಡು ಬೆರಳು ಕಡ್ಡಿಯಂತೆ ನೆಟ್ಟಗೆ ನಿಲ್ಲುವುದನ್ನು ನೋಡಿ ಮೊಮ್ಮಕ್ಕಳು ನೀವು ನಗುತ್ತೀರಿ. ಕೇಳಿದಾಗಲೆಲ್ಲ ಬಾಗಿಲಿಗೆ ಸಿಕ್ಕಿತು ಎಂದಿದ್ದೇನೆ. ಸಿಕ್ಕಿದ್ದಲ್ಲ, ಸಿಕ್ಕಿಸಿದ್ದು. ಎದುರಿಗೆ ಕೂತು ಹೇಳಲು ನಾಚಿಕೆ, ಅದಕ್ಕೇ ಬರೆಯುತ್ತಿದ್ದೇನೆ.

ಆಗ ನಾವು ಮುಂಬೈಯ ಬೊರಿವಲಿಯಲ್ಲಿದ್ದೆವು. ನನ್ನ ಅತ್ತೆಗೆ ಮಡಿ ಬಹಳ. ಸ್ನಾನ ಮಾಡಿ, ಯಾರೂ ಮುಟ್ಟದ ಸೀರೆ ಉಟ್ಟರೆಂದರೆ ಊಟ ಮುಗಿಯುವವರೆಗೆ ಅವರನ್ನು ಯಾರೂ ಮುಟ್ಟುವಂತಿಲ್ಲ. ಊಟವಾದ ಮೇಲೆ ಅದೇ ಅತ್ತೆ ನನ್ನಿಂದ ಕಾಲು ಒತ್ತಿಸಿಕೊಳ್ಳುತ್ತಿದ್ದರು. ಮಡಿಗೂ ಮನೆಗೂ ಉಡುತ್ತಿದ್ದುದು ಅಂಚಿಲ್ಲದ ಕಂದು ಸೀರೆಗಳನ್ನೇ. ಒಂದು ಬೆಳಿಗ್ಗೆ, ಇನ್ನೂ ಸ್ನಾನವಾಗಿಲ್ಲ ಎಂದುಕೊಂಡು ಭುಜ ಮುಟ್ಟಿ ಕಾಫಿ ಕೊಟ್ಟೆ. ಅವರು ಕಿರುಚಿದರು. ನಿಮ್ಮ ತಾತ ಒಳಗಿನಿಂದ ಬಂದವರು ನನ್ನ ಎಡಗೈಯನ್ನು ಬಾಗಿಲ ಸಂದಿಯಲ್ಲಿಟ್ಟು ಬಾಗಿಲನ್ನು ಒದ್ದರು. ಸಾಲದೆಂದು ಇನ್ನೊಮ್ಮೆ ಒದ್ದರು. ಮೂಳೆ ಮುರಿದ ಸದ್ದಿಗೆ ನನಗಿಂತ ಮೊದಲು ತೊಟ್ಟಿಲಲ್ಲಿದ್ದ ನಿಮ್ಮ ಅಮ್ಮ ಅತ್ತಳು. ಬಿಲ್ಡಿಂಗಿನಲ್ಲಿ ಒಬ್ಬರೂ ಬಾಗಿಲು ತೆರೆಯಲಿಲ್ಲ.

ಅತ್ತೆ ಕಾಲವಾದರು. ಕೆಲವು ವರ್ಷಗಳಾದ ಮೇಲೆ ನಿಮ್ಮ ತಾತ ತುಂಬಿದ ಲೋಕಲ್ ರೈಲಿನ ಬಾಗಿಲಿನಿಂದ ಬಿದ್ದು ತೀರಿಕೊಂಡರು. ಅವರು ಕೆಲಸ ಮಾಡುತ್ತಿದ್ದ ಅಂಧೇರಿಯ ಕಂಪನಿಯಲ್ಲೇ ನನಗೆ ಕೆಲಸ ಕೊಟ್ಟರು, ಕಾಯಂ ಮಾಡುವ ಮಾತು ಆಮೇಲೆ ನೋಡೋಣ ಎಂದು. ಕೆಲಸ ಹೋದರೆ ನಿಮ್ಮ ಅಮ್ಮನನ್ನು ಕರೆದುಕೊಂಡು ಮೈದುನನ ಮನೆ ಸೇರಬೇಕಿತ್ತು. ಅವನ ಕೈಯೂ ಅಣ್ಣನ ಕೈಯೇ. ಅವನ ಹೆಂಡತಿಯ ಕೆನ್ನೆಯ ಮೇಲೆ ಅದರ ಗುರುತು ನೋಡಿದ್ದೆ.

ಯಂತ್ರದ ಬಿಡಿಭಾಗಗಳ ನಂಬರು ನೋಡಿ ಕಂಪ್ಯೂಟರಿಗೆ ಹಾಕುವುದು ನನ್ನ ಕೆಲಸ. ಪರದೆಯ ಮೇಲೆ ನಾಲ್ಕಾರು ಕಿಟಕಿಗಳು. ಒಂದರಿಂದ ಇನ್ನೊಂದಕ್ಕೆ ಹೋಗಲು ಎಡಗೈಯಲ್ಲಿ ಎರಡು ಕೀ ಅದುಮಿ ಹಿಡಿದು ಬಲಗೈಯಲ್ಲಿ ಮೂರನೆಯದನ್ನು ಒತ್ತಬೇಕು. ನನ್ನ ಬೆರಳು ಬಗ್ಗುತ್ತಿರಲಿಲ್ಲ. ಸೂಪರ್‌ವೈಸರ್ ಬೆನ್ನ ಹಿಂದೆ ನಿಂತು ಕಬ್ಬಿಣದ ಸ್ಕೇಲನ್ನು ಮೇಜಿಗೆ ಬಡಿಯುತ್ತಿದ್ದ. ಅರ್ಧ ಕೈಗೆ ಅರ್ಧ ಪಗಾರ ಕೊಡಲಾ ಎಂದು ಹಿಂದಿಯಲ್ಲಿ ಎಲ್ಲರಿಗೂ ಕೇಳುವಂತೆ ಅನ್ನುತ್ತಿದ್ದ.

ಪ್ರೋಗ್ರಾಮ್ ಬರೆಯುವ ಒಬ್ಬಳು ಹುಡುಗಿ ಇದ್ದಳು, ಉಡುಪಿ ಕಡೆಯವಳು. ಒಂದು ದಿನ ನನ್ನ ಕುರ್ಚಿಯ ಪಕ್ಕ ಕೂತು, “ಮೂರು ಕೀ ಎಂತಕ್ಕೆ ಅಕ್ಕ? ನಿಮಗೊಂದು ಮೋಡ್ ಮಾಡಿ ಕೊಡ್ತೇನೆ” ಅಂದಳು.

ನನಗೆ ಮೋಡ ಎಂದು ಕೇಳಿಸಿತು. ಹೊಟ್ಟೆ ಹಿಡಿದು ನಕ್ಕಳು. ಕಿಟಕಿಗಳನ್ನು ನೋಡಿಕೊಳ್ಳುವುದಕ್ಕೇ ಒಂದು ಪ್ರೋಗ್ರಾಮ್ ಇದೆ, ಯಾವ ಕೀಗೆ ಏನು ಎಂದು ನಾವು ಬರೆದಂತೆ ಅದು ನಡೆಯುತ್ತದೆ ಎಂದಳು. ಮೇಲಿನ ಒಂದು ಕೀ ಒತ್ತಿ ಬಿಟ್ಟರೆ ಮೋಡ್ ಶುರು, ಆಮೇಲೆ ಅಕ್ಷರ ಅಕ್ಷರವಲ್ಲ, ಅಪ್ಪಣೆ. ಎನ್ ಒತ್ತಿದರೆ ಮುಂದಿನ ಕಿಟಕಿ, ಕೆ ಒತ್ತಿದರೆ ಕಿಟಕಿಯೇ ಮಾಯ. ಎಸ್ಕೇಪ್ ಒತ್ತಿದರೆ ಎಲ್ಲ ಮೊದಲಿನಂತೆ.

“ಹಾಗಾದ್ರೆ ಇದು ಮಡಿ ಕಣಮ್ಮ, ಅದೇ ಕೀ, ಹೊತ್ತಿಗೊಂದು ನಿಯಮ,” ಅಂದೆ.

ಎರಡನೇ ದಿನವೇ ಅನಾಹುತವಾಯಿತು. ಹಿಂದೆ ಸ್ಕೇಲು ಬಡಿದ ಸದ್ದಿಗೆ ಬೆಚ್ಚಿ ಎಸ್ಕೇಪ್ ಮರೆತೆ. ಬರೆಯಬೇಕಿದ್ದ ನಂಬರಿನಲ್ಲಿ ಕೆ ಎರಡು ಸಲ ಇತ್ತು. ಎರಡು ಕಿಟಕಿಗಳೂ ಬೆಳಗಿನ ಕೆಲಸವೂ ಹೋದವು. ಸೂಪರ್‌ವೈಸರ್ ಕೀಬೋರ್ಡನ್ನು ಎತ್ತಿ ಮೇಜಿಗೆ ಅಪ್ಪಳಿಸಿದ. ಒಂದು ಕೀ ಸಿಡಿದು ನನ್ನ ತುಟಿ ಒಡೆಯಿತು. ಅವನು ಸ್ಕೇಲು ಎತ್ತಿದಾಗ ನಾನು ಮುಖ ಮುಚ್ಚಿಕೊಳ್ಳದೆ ಎಡಗೈಯನ್ನು ಸೆರಗಿನೊಳಗೆ ಮುಚ್ಚಿಕೊಂಡೆ. ಹುಡುಗಿ ನಡುವೆ ಬಂದು ಸ್ಕೇಲನ್ನು ಕಿತ್ತುಕೊಂಡಳು. ಅವಳ ಅಂಗೈ ಕುಯ್ದು ರಕ್ತ ಬಂತು. ವಾರದ ಕೊನೆಗೆ ಕಾಯಂ ಮಾಡುವ ಪರೀಕ್ಷೆ ಇದೆ, ತಪ್ಪಿದರೆ ಮನೆಗೆ ಕಳಿಸುತ್ತೇನೆ ಎಂದು ಹೇಳಿ ಅವನು ಹೋದ.

ಕರವಸ್ತ್ರದಿಂದ ಅವಳ ಕೈ ಕಟ್ಟುತ್ತಾ ಬಾಗಿಲಿನ ಕಥೆ ಹೇಳಿದೆ. ಅದನ್ನು ಹೇಳಿದ್ದು ಅವಳೊಬ್ಬಳಿಗೇ.

“ಮಡಿಯಲ್ಲಿದ್ದಾರೋ ಇಲ್ವೋ ಕಂಡ್ರೆ ತಾನೆ ಗೊತ್ತಾಗೋದು? ಆ ಮಡಿ ಸೀರೆಗೆ ಒಂದು ಕೆಂಪಂಚು ಇದ್ದಿದ್ರೆ ನನ್ನ ಕೈ ಉಳೀತಿತ್ತು.”

ಅವಳು ಕಟ್ಟಿದ ಕೈಯಲ್ಲೇ ಬರೆಯಲು ಕೂತಳು. ಮೋಡ್‌ಗೆ ಹೋದೊಡನೆ ಕಿಟಕಿಯ ಸುತ್ತ ಕೆಂಪಂಚು ಬರಬೇಕು. ಒಂದು ಕೆಲಸ ಮುಗಿದೊಡನೆ ಎಸ್ಕೇಪ್ ಇಲ್ಲದೆಯೇ ಮೋಡ್ ಬಿಟ್ಟುಹೋಗಬೇಕು. ಕೆ ಅನ್ನು ತೆಗೆದೇ ಹಾಕಿದಳು.

ಪರೀಕ್ಷೆಯ ದಿನ ಅವನು ಹಿಂದೆ ನಿಂತು ಮತ್ತೆ ಮತ್ತೆ ಸ್ಕೇಲು ಬಡಿದ. ನಾನು ಅಂಚನ್ನಷ್ಟೇ ನೋಡುತ್ತಿದ್ದೆ. ಕೆಂಪು ಬಂತು, ಹೋಯಿತು, ಬಂತು, ಹೋಯಿತು. ಒಂದು ತಪ್ಪೂ ಸಿಗದೆ ಅವನು ಕಾಯಂ ಮಾಡುವ ಕಾಗದಕ್ಕೆ ಸಹಿ ಹಾಕಿದ.

ಭಾನುವಾರ ಮೈದುನ ನಮ್ಮನ್ನು ಕರೆದೊಯ್ಯಲು ಬಂದ. ಕೆಲಸ ಕಾಯಂ ಆಗಿದೆ, ಬರುವುದಿಲ್ಲ ಎಂದೆ. ಗಂಡಸಿಲ್ಲದ ಮನೆ ಎಂದು ಬೈಯುತ್ತಾ ಬಾಗಿಲ ಚೌಕಟ್ಟು ಹಿಡಿದು ನಿಂತ. ಅವನ ನಾಲ್ಕು ಬೆರಳು ಸಂದಿಯಲ್ಲಿದ್ದವು. ನನ್ನ ಕೈ ಬಾಗಿಲ ಮೇಲಿತ್ತು. ಮುಚ್ಚಲು ಒಂದು ಕ್ಷಣ ಸಾಕಿತ್ತು, ಮುಚ್ಚುವ ಆಸೆಯೂ ಇತ್ತು.

“ಕೈ ತೆಗಿ,” ಅಂದೆ.

ಅವನು ನನ್ನ ಮುಖ ನೋಡಿ ಕೈ ತೆಗೆದ. ಆಮೇಲೆ ಬಾಗಿಲು ಹಾಕಿಕೊಂಡೆ.