ಬ್ಯಾಗಿನ ಮೇಲಿನ ಹೆಸರು

"ಟೀಚರ್‌ಗಳಿಗೆ ಇನ್ನೇನ್ರೀ ಟ್ರೈನಿಂಗು? ಮಕ್ಕಳಿಗೆ ಬ್ಯಾಗ್ ಕೊಡ್ತೀನಿ ಬುಡಿ," ಅಂದ್ರು ತುಮಕೂರಿನ ಫ್ಯಾಕ್ಟರಿ ಮಾಲೀಕರು. ಮಕ್ಕಳಿಗೆ ಓದೋದು ಕಲಿಸೋ ಬಗ್ಗೆ ನಮ್ಮ ಸಂಸ್ಥೆ ಟೀಚರ್‌ಗಳಿಗೆ ಕೊಡೋ ತರಬೇತಿಗೆ ದುಡ್ಡು ಕೊಡೋಕೆ ಅವರನ್ನ ಒಪ್ಪಿಸಿಯೇ ತೀರ್ತೀನಿ ಅಂತ ಗುಬ್ಬಿ ಹತ್ತಿರದ ಶಾಲೆಗೆ ಕರ್ಕೊಂಡು ಹೋದೆ.

ಅಲ್ಲಿ ಐದನೇ ಕ್ಲಾಸಿನ ಹುಡುಗಿಯೊಬ್ಬಳ ಹೆಗಲಲ್ಲಿ ಹೋದ ವರ್ಷ ಅವರೇ ಕೊಟ್ಟಿದ್ದ ಬ್ಯಾಗಿತ್ತು. ಅದರ ಮೇಲಿದ್ದ ತಮ್ಮ ಹೆಸರು ತೋರಿಸಿ, "ಓದಮ್ಮ," ಅಂದ್ರು ಖುಷಿಯಿಂದ. ಹುಡುಗಿ ಒತ್ತಕ್ಷರಕ್ಕೆ ಬಂದು ನಿಂತುಬಿಟ್ಟಳು.

"ಇಲ್ಲೇ ಎಲ್ರೂ ನಿಲ್ಲೋದು ಸಾರ್. ದಾಟಿಸೋದು ಹೇಗೆ ಅಂತ ನಮಗೂ ಯಾರಾದ್ರೂ ತೋರಿಸ್ಬೇಕು," ಅಂದ್ರು ಟೀಚರ್, ಅಳುಕದೆ.

ವಾಪಸ್ ಬಂದು ಕಾರಿನಿಂದ ಇಳಿಯುವಾಗ ಮಾಲೀಕರು, "ಖರ್ಚು ನಂದು, ಶುರು ಮಾಡಿ," ಅಂದ್ರು.

ಕುಣಿಗಲ್‌ನಲ್ಲಿ ತರಬೇತಿ ಉದ್ಘಾಟನೆಗೆ ಬಂದ ಮಾಲೀಕರು ಸಂಜೆವರೆಗೂ ಟೀಚರ್‌ಗಳ ಜೊತೆ ಹಿಂದಿನ ಬೆಂಚಲ್ಲೇ ಕೂತಿದ್ರು. ಹೊರಡುವಾಗ ಮೆಲ್ಲಗೆ ಕೇಳಿದ್ರು: "ನನಗೂ ಸರ್ಟಿಫಿಕೇಟ್ ಕೊಡ್ತೀರಾ?"